ಸರ್ವರ್ ಇಲ್ಲ ಅಂದಾಗ ಸರ್ವರ್ ಏನು ಮಾಡುತ್ತಿರುತ್ತದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗ್ರಾಮ ಒನ್ ಕೇಂದ್ರಗಳಲ್ಲಿ, ನ್ಯಾಯಬೆಲೆ ಅಂಗಡಿಗಳಲ್ಲಿ ಅತಿ ಹೆಚ್ಚು ಕೇಳಿಬರುವ ತಾಂತ್ರಿಕ ಮಾತು ಒಂದೇ: 'ಸರ್ವರ್ ಇಲ್ಲ, ನಾಳೆ ಬನ್ನಿ'. ಬೆಳೆ ವಿಮೆಗೆ ಹೆಸರು ಬರೆಸುವ ಕೊನೆಯ ದಿನ, ಹೊಸ ಯೋಜನೆಗೆ ಅರ್ಜಿ ಬಿಟ್ಟ ಮೊದಲ ವಾರ, ತಿಂಗಳ ಕೊನೆಯ ಪಡಿತರ, ಹೀಗೆ ಜನ ಒಟ್ಟಿಗೇ ಬರುವ ದಿನಗಳಲ್ಲಿ ಈ ಮಾತು ಹೆಚ್ಚು. ಹಲವು ಸಲ ಸರ್ವರ್ ಇದ್ದೇ ಇರುತ್ತದೆ, ಸಿಪಿಯು ನೂರಕ್ಕೆ ನೂರು ದುಡಿಯುತ್ತಲೂ ಇರುತ್ತದೆ. ಆದರೆ ಅದು ದುಡಿಯುತ್ತಿರುವುದು ಆಗಲೇ ಬೇಸತ್ತು ಪುಟ ಮುಚ್ಚಿದವರಿಗಾಗಿ.

ಲೆಕ್ಕ ಸರಳ. ಒಂದು ಯಂತ್ರದಲ್ಲಿ ಏಕಕಾಲಕ್ಕೆ 16 ಕೋರಿಕೆ ನಡೆಯುತ್ತವೆ, ಒಂದೊಂದಕ್ಕೆ 200 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. ಸೆಕೆಂಡಿಗೆ ಹೆಚ್ಚೆಂದರೆ 80 ಮುಗಿಯುತ್ತವೆ. ಬೆಳಿಗ್ಗೆಯ ನೂಕುನುಗ್ಗಲಿನಲ್ಲಿ ಕ್ಯೂ 4,000ಕ್ಕೆ ಬೆಳೆಯಿತು. ಕೊನೆಯಲ್ಲಿ ನಿಂತ ಕೋರಿಕೆಯ ಸರದಿ ಬರುವುದು 50 ಸೆಕೆಂಡಿನ ನಂತರ. ಕೇಂದ್ರದ ಕಂಪ್ಯೂಟರ್ 30 ಸೆಕೆಂಡಿಗೇ ಕಾದು ಸಾಕಾಗಿ ಸಂಪರ್ಕ ಬಿಟ್ಟಿರುತ್ತದೆ, ಅಥವಾ ಆಪರೇಟರ್ ರಿಫ್ರೆಶ್ ಒತ್ತಿ ಹೊಸ ಕೋರಿಕೆಯನ್ನು ಕ್ಯೂನ ಹಿಂದೆ ಸೇರಿಸಿರುತ್ತಾರೆ. ಯಂತ್ರಕ್ಕೆ ಅದು ಗೊತ್ತಿಲ್ಲ. ಸೆಕೆಂಡಿಗೆ 80ರಂತೆ ಅಚ್ಚುಕಟ್ಟಾಗಿ ಮುಗಿಸುತ್ತದೆ, ಒಂದೂ ಯಾರಿಗೂ ತಲುಪುವುದಿಲ್ಲ. ನಿಗಾ ಪರದೆಯಲ್ಲಿ 'ಸೆಕೆಂಡಿಗೆ 80 ಯಶಸ್ವಿ' ಎಂದೇ ಕಾಣುತ್ತದೆ. ಬೆಂಗಳೂರಿನಲ್ಲಿ ಕುಳಿತವರಿಗೆ ಎಲ್ಲವೂ ಸರಿ ಇದೆ, ಹೊಸನಗರದಲ್ಲಿ ಸಾಲು ಕರಗುತ್ತಿಲ್ಲ.

ಇದಕ್ಕೆ ಇನ್ನಷ್ಟು ಯಂತ್ರ ಸೇರಿಸುವುದು ಮೊದಲು ಹೊಳೆಯುವ ಉತ್ತರ. ಒಂದು ಮಿತಿಯವರೆಗೆ ಅದು ಸರಿಯೇ. ಆದರೆ ಯಂತ್ರ ಹೆಚ್ಚಿದಂತೆ ಇನ್ನೊಂದು ಪ್ರಶ್ನೆ ದೊಡ್ಡದಾಗುತ್ತದೆ: ಯಾವ ಕೋರಿಕೆ ಯಾವ ಯಂತ್ರಕ್ಕೆ, ಎಷ್ಟು, ಯಾವಾಗ ಎಂದು ತೀರ್ಮಾನಿಸುವವರು ಯಾರು?

ಎಲ್ಲ ಬಲ್ಲ ಕೇಂದ್ರದ ತೊಂದರೆ

ಒಬ್ಬ ಮೇಲ್ವಿಚಾರಕ ಎಲ್ಲ ಯಂತ್ರಗಳ ಹೊರೆ ನೋಡಿ ಪ್ರತಿ ಕೋರಿಕೆಯನ್ನೂ ಅತ್ಯಂತ ಖಾಲಿ ಯಂತ್ರಕ್ಕೆ ಕಳಿಸಿದರೆ ಅದಕ್ಕಿಂತ ಒಳ್ಳೆಯ ಹಂಚಿಕೆ ಇರಲಾರದು ಅನ್ನಿಸುತ್ತದೆ. ಕಾಗದದ ಮೇಲೆ ಅದು ನಿಜ. ಕೆಲಸಕ್ಕೆ ಇಳಿಸಿದರೆ ಎರಡು ಕಡೆ ಎಡವುತ್ತದೆ. ಮೇಲ್ವಿಚಾರಕನೇ ಬಿದ್ದರೆ ಎಲ್ಲವೂ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಒಂದು. ಇನ್ನೊಂದು ಅಷ್ಟು ಎದ್ದು ಕಾಣದ್ದು: ಅವನ ಕೈಗೆ ಬರುವ ಸುದ್ದಿ ಯಾವಾಗಲೂ ಹಳೆಯದು.

ಕೋರಿಕೆಗಳನ್ನು ಯಂತ್ರಗಳಿಗೆ ಹಂಚುವ 40 ಲೋಡ್ ಬ್ಯಾಲೆನ್ಸರ್‌ಗಳಿವೆ, ಸೆಕೆಂಡಿಗೊಮ್ಮೆ ಎಲ್ಲಕ್ಕೂ ಹೊರೆಯ ಪಟ್ಟಿ ಬರುತ್ತದೆ, ಸೆಕೆಂಡಿಗೆ ಒಟ್ಟು 2,000 ಕೋರಿಕೆ ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ 17ನೇ ಯಂತ್ರ ಅತಿ ಖಾಲಿ ಎಂದಿದ್ದರೆ ನಲವತ್ತೂ ಅಲ್ಲಿಗೇ ತಿರುಗುತ್ತವೆ. 80 ತಾಳುವ ಯಂತ್ರದ ಮೇಲೆ ಆ ಒಂದು ಸೆಕೆಂಡಿನಲ್ಲಿ 2,000 ಬೀಳುತ್ತವೆ. ಮುಂದಿನ ಪಟ್ಟಿ ಬಂದಾಗ 17 ಕೆಂಪು, 23 ಹಸಿರು. ದಂಡು 23ಕ್ಕೆ ಹೊರಡುತ್ತದೆ. ಮಾಹಿತಿ ನಿಖರವಾಗಿದ್ದಷ್ಟೂ ಅನಾಹುತ ದೊಡ್ಡದು, ಏಕೆಂದರೆ ಎಲ್ಲರೂ ಒಂದೇ ತೀರ್ಮಾನಕ್ಕೆ ಬರುತ್ತಾರೆ.

ಇದಕ್ಕಿರುವ ಮದ್ದು ನಂಬಲಾಗದಷ್ಟು ಅಗ್ಗ. ಪ್ರತಿ ಕೋರಿಕೆಗೂ ಯಾದೃಚ್ಛಿಕವಾಗಿ ಎರಡು ಯಂತ್ರಗಳನ್ನು ಆರಿಸು, ಎರಡರಲ್ಲಿ ಕಡಿಮೆ ಹೊರೆ ಇರುವುದಕ್ಕೆ ಕಳಿಸು, ಅಷ್ಟೇ. ಅಜರ್, ಬ್ರಾಡರ್, ಕಾರ್ಲಿನ್, ಅಪ್‌ಫಾಲ್ ಎಂಬ ಸಂಶೋಧಕರು 1994ರಲ್ಲಿ ಇದರ ಗಣಿತ ತೋರಿಸಿದರು. 10 ಲಕ್ಷ ಚೆಂಡುಗಳನ್ನು 10 ಲಕ್ಷ ಬುಟ್ಟಿಗಳಿಗೆ ಕಣ್ಣುಮುಚ್ಚಿ ಎಸೆದರೆ ಅತಿ ತುಂಬಿದ ಬುಟ್ಟಿಯಲ್ಲಿ ಎಂಟು-ಒಂಬತ್ತು ಚೆಂಡು ಇರುತ್ತವೆ. ಪ್ರತಿ ಸಲ ಎರಡು ಬುಟ್ಟಿ ನೋಡಿ ಕಡಿಮೆ ಇರುವುದಕ್ಕೆ ಹಾಕಿದರೆ ಅದು ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಮೂರು, ನಾಲ್ಕು ಬುಟ್ಟಿ ನೋಡಿದರೆ ಲಾಭ ಅಲ್ಪ. ಒಂದರಿಂದ ಎರಡಕ್ಕೆ ಹೋಗುವಾಗಲೇ ಬಹುಪಾಲು ಸಿಕ್ಕಿಬಿಡುತ್ತದೆ. ಯಾರೂ ಎಲ್ಲವನ್ನೂ ನೋಡುವುದಿಲ್ಲ, ಯಾರೂ ಒಂದೇ ಕಡೆ ಓಡುವುದೂ ಇಲ್ಲ. ಇಂಥ ಹಂಚಿಕೆಗೆ ಬಳಸುವ ಎನ್‌ಜಿನ್‌ಎಕ್ಸ್ ಎಂಬ ತಂತ್ರಾಂಶದಲ್ಲಿ ಇದು ಒಂದು ಸಾಲಿನ ಸೆಟ್ಟಿಂಗ್.

'ಹೊರೆ' ಅಂದರೆ ಏನು ಎಂಬಲ್ಲಿ ಮಾತ್ರ ಎಚ್ಚರ ಬೇಕು. ಈಗ ನಡೆಯುತ್ತಿರುವ ಕೋರಿಕೆಗಳ ಸಂಖ್ಯೆಯನ್ನೇ ಹೊರೆ ಎಂದರೆ, ಡೇಟಾಬೇಸ್ ಸಂಪರ್ಕ ಕಡಿದುಕೊಂಡ ಯಂತ್ರ ಪ್ರತಿ ಕೋರಿಕೆಗೂ 2 ಮಿಲಿಸೆಕೆಂಡಿನಲ್ಲಿ 'ದೋಷ' ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಅದರ ಕ್ಯೂ ಸದಾ ಖಾಲಿ. ಹಾಗಾಗಿ ಎಲ್ಲ ಹೋಲಿಕೆಯಲ್ಲೂ ಅದೇ ಗೆಲ್ಲುತ್ತದೆ, ಊರಿನ ಕೋರಿಕೆಗಳನ್ನೆಲ್ಲ ನುಂಗುತ್ತದೆ. ದೋಷದ ಉತ್ತರವನ್ನೂ ಹೊರೆಯಾಗಿ ಎಣಿಸಬೇಕು, ಸತತ ಕೆಲವು ದೋಷ ಕೊಟ್ಟ ಯಂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಬೇಕು. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಎನ್ವಾಯ್ ಪ್ರಾಕ್ಸಿಯಲ್ಲಿ ಈ ಸೌಲಭ್ಯ ಹಾಕಿಕೊಂಡರೆ ಅದರ ಮೂಲ ಸೆಟ್ಟಿಂಗ್ ಹೀಗಿದೆ: ಸತತ 5 ದೋಷ, ಮೊದಲ ಸಲ 30 ಸೆಕೆಂಡ್ ಹೊರಗೆ, ಆದರೆ ಒಟ್ಟು ಯಂತ್ರಗಳಲ್ಲಿ 10%ಕ್ಕಿಂತ ಹೆಚ್ಚನ್ನು ಹೊರಹಾಕುವಂತಿಲ್ಲ. ಕೊನೆಯ ಷರತ್ತೇ ಮುಖ್ಯ. ಯಂತ್ರಗಳ ಹಿಂದಿರುವ ಡೇಟಾಬೇಸ್ ಕುಂಟಿದರೆ ಎಲ್ಲ ಯಂತ್ರಗಳೂ ಒಟ್ಟಿಗೆ ದೋಷ ಕೊಡುತ್ತವೆ. ಆಗ ಒಂದೊಂದನ್ನೇ ಹೊರಹಾಕುತ್ತಾ ಹೋದರೆ ಉಳಿದವುಗಳ ಮೇಲೆ ಹೊರೆ ಏರಿ ಅವೂ ಮಲಗುತ್ತವೆ.

ಶರಾವತಿ ಬೆಂಗಳೂರಿನ ಫೋನಿಗೆ ಕಾಯುವುದಿಲ್ಲ

ಕೇಂದ್ರವನ್ನು ಕೇಳದೆ ಹಂಚಿಕೊಳ್ಳುವ ವ್ಯವಸ್ಥೆ ಮಲೆನಾಡಿಗೆ ಹೊಸತಲ್ಲ. ಜೋಗದ ಹತ್ತಿರದ ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟ್‌ನ ಹತ್ತು ಘಟಕಗಳಿವೆ, ಒಟ್ಟು 1,035 ಮೆಗಾವಾಟ್. ದೇಶದ ಇನ್ನೊಂದು ಮೂಲೆಯಲ್ಲಿ ದೊಡ್ಡ ಸ್ಥಾವರವೊಂದು ಥಟ್ಟನೆ ನಿಂತರೆ ಇಡೀ ಗ್ರಿಡ್‌ನ ಆವರ್ತನ 50 ಹರ್ಟ್ಸ್‌ನಿಂದ ಕೊಂಚ ಇಳಿಯುತ್ತದೆ. ಆ ಇಳಿಕೆ ಪ್ರತಿ ಟರ್ಬೈನಿಗೂ ತನ್ನ ಶಾಫ್ಟ್‌ನಲ್ಲೇ ಗೊತ್ತಾಗುತ್ತದೆ. ವೇಗ ಕಾಯುವ ಗವರ್ನರ್ ಎಂಬ ಸಾಧನ ನೀರಿನ ಗೇಟನ್ನು ಅಷ್ಟು ತೆರೆಯುತ್ತದೆ. ಎಷ್ಟು ಇಳಿಕೆಗೆ ಎಷ್ಟು ತೆರೆಯಬೇಕು ಎಂಬ ಅನುಪಾತಕ್ಕೆ ಡ್ರೂಪ್ ಎನ್ನುತ್ತಾರೆ. ಅದನ್ನು 4% ಎಂದು ಇಟ್ಟಿದ್ದರೆ 50ರ 4%, ಅಂದರೆ 2 ಹರ್ಟ್ಸ್ ಇಳಿಕೆಗೆ ಪೂರ್ಣ ಸಾಮರ್ಥ್ಯದ ಬದಲಾವಣೆ, ಆದ್ದರಿಂದ 0.1 ಹರ್ಟ್ಸ್ ಇಳಿದರೆ 5%, ಒಂದು ಘಟಕದಿಂದ ಸುಮಾರು 5.2 ಮೆಗಾವಾಟ್ ಹೆಚ್ಚು. ದೊಡ್ಡ ಘಟಕ ದೊಡ್ಡ ಪಾಲು, ಸಣ್ಣದು ಸಣ್ಣ ಪಾಲು ಹೊರುತ್ತದೆ. ಯಾರೂ ಯಾರನ್ನೂ ಕೇಳಿಲ್ಲ.

ಇದರಲ್ಲಿ ಮೂರು ಸಂಗತಿ ನೆನಪಿಡಬೇಕು. ಎಲ್ಲರಿಗೂ ಒಂದೇ ಸಂಕೇತ ಕಾಣಬೇಕು, ಅದನ್ನು ತಾವಿದ್ದಲ್ಲೇ ಅಳೆಯುವಂತಿರಬೇಕು. ಗೇಟು ಆಗಲೇ ಪೂರ್ತಿ ತೆರೆದಿರುವ ಘಟಕ ಸಹಾಯಕ್ಕೆ ಬಾರದು, ಕೈಯಲ್ಲಿ ಸ್ವಲ್ಪ ಉಳಿಸಿಕೊಂಡಿರಬೇಕು. ಮತ್ತು ಡ್ರೂಪ್ ಒಂದೇ ಆವರ್ತನವನ್ನು 50ಕ್ಕೆ ಮರಳಿಸುವುದಿಲ್ಲ, ಬೀಳುವುದನ್ನು ತಡೆಯುತ್ತದೆ ಅಷ್ಟೇ. ಪೂರ್ತಿ ಸರಿಪಡಿಸುವುದು ನಂತರ ನಿಧಾನವಾಗಿ, ಲೋಡ್ ಡಿಸ್ಪ್ಯಾಚ್ ಕೇಂದ್ರಗಳಿಂದ ಬರುವ ಆದೇಶ. ಅಂದರೆ ಕೇಂದ್ರ ಇದೆ, ಕ್ಷಣಕ್ಷಣದ ದಾರಿಯಲ್ಲಿ ಮಾತ್ರ ಇಲ್ಲ.

ದೊಡ್ಡ ಆನ್‌ಲೈನ್ ಸೇವೆಗಳಿಗೂ ಇದೇ ಕೆಲಸದ ಹಂಚಿಕೆ ಸರಿ ಎಂಬುದು ಈ ಲೇಖನದ ವಾದ. 'ವಿಕೇಂದ್ರೀಕರಣ' ಎಂದೊಡನೆ ಕೇಂದ್ರವನ್ನೇ ತೆಗೆದುಹಾಕಲು ಹೊರಡುವವರಿದ್ದಾರೆ, ಅದು ಬೇಡ. ಮಿಲಿಸೆಕೆಂಡುಗಳ ತೀರ್ಮಾನ ಯಂತ್ರದ ಕೈಯಲ್ಲಿ, ನಿಮಿಷಗಳದ್ದು ಕೇಂದ್ರದ ಕೈಯಲ್ಲಿ ಇರಲಿ.

ಹಾಗಾದರೆ ಸರ್ವರ್‌ಗಳ ಲೋಕದಲ್ಲಿ ಆವರ್ತನದ ಜಾಗದಲ್ಲಿ ಯಾವುದು? ಕಾಯುವ ಹೊತ್ತು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ 400 ಗಜ ದೂರದ ಎರಡು ಸಂಸ್ಥೆಗಳ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎಲ್ಲರೂ ಕಳೆದುಹೋದ ಪ್ಯಾಕೆಟ್ (ಮಾಹಿತಿಯ ತುಂಡು) ಮತ್ತೆ ಮತ್ತೆ ಕಳಿಸುತ್ತಿದ್ದರು, ಜಾಲ ಅದರಲ್ಲೇ ಮುಳುಗಿತು. ವ್ಯಾನ್ ಜಾಕಬ್ಸನ್ 1988ರಲ್ಲಿ ಕೊಟ್ಟ ಪರಿಹಾರದ ತಿರುಳು ಇಷ್ಟು: ಸರಿಯಾಗಿ ತಲುಪುತ್ತಿದ್ದರೆ ಕಳಿಸುವುದನ್ನು ಒಂದೊಂದಾಗಿ ಹೆಚ್ಚಿಸು, ತಪ್ಪಿತು ಎಂದು ಕಂಡೊಡನೆ ಅರ್ಧಕ್ಕೆ ಇಳಿಸು. ಇಂದಿಗೂ ಇಂಟರ್ನೆಟ್ ನಿಂತಿರುವುದು ಈ ಸ್ವನಿಯಂತ್ರಣದ ಮೇಲೆ.

ಯಂತ್ರವೊಂದು ಏಕಕಾಲಕ್ಕೆ ಒಳಗೆ ಬಿಟ್ಟುಕೊಳ್ಳುವ ಕೋರಿಕೆಗಳಿಗೂ ಇದೇ ನಿಯಮ ಹಾಕಬಹುದು. ಮೇಲಿನ ನಮ್ಮ ಯಂತ್ರಕ್ಕೆ 16 ಒಳಗೆ, 2 ಸೆಕೆಂಡಿಗಿಂತ ಹೆಚ್ಚು ಕಾಯಿಸಬಾರದು ಎಂದರೆ ಕ್ಯೂಗೆ 160 ಜಾಗ ಸಾಕು. 161ನೆಯವರಿಗೆ 'ಈಗ ಆಗದು, 40 ಸೆಕೆಂಡ್ ಬಿಟ್ಟು ಬನ್ನಿ' ಎಂದು 2 ಮಿಲಿಸೆಕೆಂಡಿನಲ್ಲಿ ಹೇಳಿಬಿಡಬೇಕು. ಹಾಗೆ ತಿರಸ್ಕರಿಸುವುದನ್ನು ಅಧಿಕಾರಿಗಳು ಒಪ್ಪುವುದು ಕಷ್ಟ, ದೋಷದ ಎಣಿಕೆ ಏರುತ್ತದಲ್ಲ. ಆದರೆ 4,000 ಜನರನ್ನು ಒಳಗೆ ಕೂರಿಸಿ ಒಬ್ಬರಿಗೂ ಉತ್ತರ ಕೊಡದಿರುವುದಕ್ಕಿಂತ ಇದು ಎಷ್ಟೋ ಮೇಲು. ಜೊತೆಗೆ ಪ್ರತಿ ಕೋರಿಕೆಯೂ ತನ್ನ ಗಡುವನ್ನು ಹೊತ್ತು ಬರಬೇಕು. ಗಡುವು ಮೀರಿದ್ದನ್ನು ಯಂತ್ರ ಕೈಗೆತ್ತಿಕೊಳ್ಳದೆ ಎಸೆಯಬೇಕು. ಹಿಂದಿನ ಡೇಟಾಬೇಸ್‌ವರೆಗೂ ಉಳಿದ ಸಮಯ ಎಷ್ಟು ಎಂಬುದು ದಾಟಿಹೋಗಬೇಕು.

ಕೈಯಲ್ಲಿ ಉಳಿಸಿಕೊಂಡಿರಬೇಕು ಎಂದೆವಲ್ಲ, ಎಷ್ಟು? ಒಬ್ಬನೇ ಕೆಲಸಗಾರ ಇರುವ ಸರಳ ಮಾದರಿಯಲ್ಲಿ 200 ಮಿಲಿಸೆಕೆಂಡಿನ ಕೆಲಸ 50% ಹೊರೆಯಲ್ಲಿ ಸರಾಸರಿ 400 ಮಿಲಿಸೆಕೆಂಡ್ ಹಿಡಿಯುತ್ತದೆ, 80%ರಲ್ಲಿ 1 ಸೆಕೆಂಡ್, 90%ರಲ್ಲಿ 2, 95%ರಲ್ಲಿ 4, 98%ರಲ್ಲಿ 10. ಕೆಲಸಗಾರರು ಹೆಚ್ಚಿದ್ದರೆ ಏರುವುದು ತಡವಾಗಿ, ಆದರೆ ಏರಿದಾಗ ಇನ್ನೂ ಕಡಿದು. 95% ಬಳಕೆಯನ್ನು 'ಹಣ ಸದ್ಬಳಕೆ' ಎಂದು ವರದಿಯಲ್ಲಿ ಹೊಗಳುವವರು ಈ ಸಾಲನ್ನು ನೋಡಬೇಕು.

ಮತ್ತೆ ಪ್ರಯತ್ನಿಸಿ ಎಂಬ ಬಟನ್

ಮಳೆಗಾಲದಲ್ಲಿ ಮಲೆನಾಡಿನ ಟವರ್‌ಗಳ ಪಾಡು ಗೊತ್ತಿರುವುದೇ. ಮರ ಬಿದ್ದು ಲೈನು ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆ ಎಳೆದು ಸುಸ್ತಾಗುತ್ತದೆ, ಕೇಬಲ್ ಕಡಿದರಂತೂ ತಾಲ್ಲೂಕಿನ ಅರ್ಧ ಭಾಗ ಮೌನ. ಕರೆಂಟ್ ಬಂದ ಕ್ಷಣವೇ ಹೊಸ ತೊಂದರೆ ಶುರು. ಆಫ್‌ಲೈನ್‌ನಲ್ಲಿ ದಾಖಲೆ ಕೂಡಿಟ್ಟ 400 ಸಾಧನಗಳು ಒಂದೇ ಸೆಕೆಂಡಿನಲ್ಲಿ ಎದ್ದು ಲಾಗಿನ್ ಕೇಳಿದರೆ 80 ತಾಳುವ ಯಂತ್ರಕ್ಕೆ ಐದು ಪಟ್ಟು ಹೊರೆ. ಮೊದಲ ಸಲ ವಿಫಲವಾದ 320 ಸಾಧನಗಳೂ ಸರಿಯಾಗಿ 5 ಸೆಕೆಂಡ್ ಬಿಟ್ಟು ಮತ್ತೆ ಒಟ್ಟಿಗೇ ಬರುತ್ತವೆ, ಏಕೆಂದರೆ ಆ್ಯಪ್ ಬರೆದವರು ಎಲ್ಲದಕ್ಕೂ '5' ಎಂದೇ ಬರೆದಿದ್ದಾರೆ. ಅದೇ 400 ಸಾಧನಗಳು ತಮ್ಮತಮ್ಮಲ್ಲೇ ಚೀಟಿ ಎತ್ತಿದಂತೆ 0ರಿಂದ 300 ಸೆಕೆಂಡಿನೊಳಗೆ ಯಾವುದೋ ಒಂದು ಕ್ಷಣ ಆರಿಸಿಕೊಂಡರೆ ಸೆಕೆಂಡಿಗೆ ಒಂದೂಚಿಲ್ಲರೆ ಕೋರಿಕೆ. ಒಂದು ರೂಪಾಯಿ ಖರ್ಚಿಲ್ಲದ ಹಂಚಿಕೆ ಇದು. ಆಮೇಲಿನ ಪ್ರಯತ್ನಗಳ ನಡುವಿನ ಅಂತರ 1, 2, 4, 8 ಸೆಕೆಂಡ್ ಎಂದು ದುಪ್ಪಟ್ಟಾಗುತ್ತಾ ಹೋಗಬೇಕು, 60ಕ್ಕೆ ನಿಲ್ಲಬೇಕು, ಪ್ರತಿ ಸಲವೂ ಆ ಅಂತರದೊಳಗೆ ಯಾದೃಚ್ಛಿಕ ಕ್ಷಣ ಇರಬೇಕು.

ಮರುಪ್ರಯತ್ನ ಒಂದರೊಳಗೊಂದು ಅಡಗಿರುವುದು ಇನ್ನೂ ಅಪಾಯ. ಆ್ಯಪ್ 3 ಸಲ, ಅದರ ಹಿಂದಿನ ಗೇಟ್‌ವೇ (ಕೋರಿಕೆಗಳು ಒಳಬರುವ ಬಾಗಿಲು) 3 ಸಲ, ಅದರ ಹಿಂದಿನ ಡೇಟಾಬೇಸ್ ಲೈಬ್ರರಿ 3 ಸಲ ಯತ್ನಿಸಿದರೆ ಒಬ್ಬರ ಒಂದು ಕ್ಲಿಕ್ ಡೇಟಾಬೇಸ್‌ಗೆ 27 ಏಟು. ಡೇಟಾಬೇಸ್ ಸುಸ್ತಾದಾಗಲೇ ಅದಕ್ಕೆ 27 ಪಟ್ಟು ಕೆಲಸ ಬೀಳುವಂತೆ ನಾವೇ ಕಟ್ಟಿಟ್ಟಂತಾಯಿತು. ಆಮೇಲೆ ಮೂಲ ಕಾರಣ ಹೋದರೂ ಮರುಪ್ರಯತ್ನಗಳ ಹೊರೆಯೇ ವ್ಯವಸ್ಥೆಯನ್ನು ಮಲಗಿಸಿಟ್ಟಿರುತ್ತದೆ. ಎಲ್ಲವನ್ನೂ ನಿಲ್ಲಿಸಿ, ಕೋರಿಕೆಗಳನ್ನು ಮತ್ತೆ ನಿಧಾನ ಒಳಬಿಡುವುದೊಂದೇ ದಾರಿ. ಮರುಪ್ರಯತ್ನ ಒಂದೇ ಪದರದಲ್ಲಿರಲಿ, ಅದೂ ಒಟ್ಟು ಕೋರಿಕೆಗಳ 10% ಮೀರದಿರಲಿ.

ಒಡೆಯಲಾಗದ ವಸ್ತುವಿನ ಹಂಚಿಕೆ

ಇಲ್ಲಿಯವರೆಗಿನದು ಯಂತ್ರದ ಸಮಯದ ಹಂಚಿಕೆ. ಅಲ್ಲಿ ಸ್ವಲ್ಪ ಏರುಪೇರಾದರೆ ಯಾರೋ ಅರ್ಧ ಸೆಕೆಂಡ್ ಕಾಯುತ್ತಾರೆ. ರೈಲಿನ ಬರ್ತ್, ಆಸ್ಪತ್ರೆಯ ಟೋಕನ್, ನೋಂದಣಿಯ ಸಮಯ ಹಾಗಲ್ಲ. ಒಂದನ್ನು ಇಬ್ಬರಿಗೆ ಕೊಟ್ಟರೆ ಜಗಳ. ಹಾಗಾಗಿ ಇಲ್ಲಿ ಪ್ರತಿ ಸಲವೂ ಕೇಂದ್ರವನ್ನು ಕೇಳಲೇಬೇಕು ಎಂದು ಸಾಮಾನ್ಯವಾಗಿ ನಂಬುತ್ತಾರೆ. ಬೇಕಿಲ್ಲ.

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕಿಗೆ ದಿನಕ್ಕೆ 700 ಟೋಕನ್ ಎನ್ನೋಣ. ತಲಾ 100 ಹಂಚಿದರೆ ಶಿವಮೊಗ್ಗ, ಭದ್ರಾವತಿಯಲ್ಲಿ ಹತ್ತೂವರೆಗೇ ಖಾಲಿ, ಹೊಸನಗರದಲ್ಲಿ ಸಂಜೆಗೂ 60 ಉಳಿದಿರುತ್ತದೆ. ಅದರ ಬದಲು ತಲಾ 70 ಕೊಟ್ಟು 210 ಕೇಂದ್ರದಲ್ಲಿಡಿ. ತಾಲ್ಲೂಕಿನ ಯಂತ್ರ ತನ್ನ 70ನ್ನು ಯಾರನ್ನೂ ಕೇಳದೆ ವಿತರಿಸುತ್ತದೆ. 20 ಉಳಿದಾಗ, ಪೂರ್ತಿ ಮುಗಿಯುವ ಮೊದಲೇ, ಕೇಂದ್ರಕ್ಕೆ ಇನ್ನಷ್ಟು ಕೇಳುತ್ತದೆ. ಕೇಂದ್ರ ತನ್ನಲ್ಲಿ ಉಳಿದದ್ದನ್ನು 14ರಿಂದ (ತಾಲ್ಲೂಕುಗಳ ಎರಡರಷ್ಟು) ಭಾಗಿಸಿ ಕೊಡುತ್ತದೆ: ಮೊದಲು 15, ಮುಂದೆ 10, 5, ಕೊನೆಗೆ ಒಂದೊಂದು. 700 ಸಲ ಕೇಂದ್ರದ ಬಾಗಿಲು ತಟ್ಟಬೇಕಿದ್ದದ್ದು ಅದರ ಒಂದು ಸಣ್ಣ ಪಾಲಿಗೆ ಇಳಿಯುತ್ತದೆ. ಕೊನೆಯ ಹತ್ತಿಪ್ಪತ್ತು ಟೋಕನ್‌ಗಳಲ್ಲಿ ಮಾತ್ರ ಕೇಂದ್ರದ ಮಾತು ಪ್ರತಿ ಸಲ ಬೇಕಾಗುತ್ತದೆ. ಒಂದು ಟೋಕನ್ ಎರಡು ಸಲ ಹೋಗುವ ಪ್ರಶ್ನೆಯೇ ಇಲ್ಲ. ಕೆಲವು ಹೊತ್ತು ಒಂದು ಕಡೆ ಉಳಿದಿದ್ದರೂ ಇನ್ನೊಂದು ಕಡೆ 'ಇಲ್ಲ' ಎನ್ನಬೇಕಾಗಬಹುದು, ಅದೇ ಇದರ ಬೆಲೆ.

ತೊಡಕು ಬರುವುದು ಸಂಪರ್ಕ ಕಡಿದಾಗ. ಹೊಸನಗರದ ಬಳಿ 45 ಟೋಕನ್ ಇರುವಾಗ ಲೈನು ಹೋಯಿತು. ಅವು ಸತ್ತವೇ, ಬದುಕಿವೆಯೇ? ಕೊಡುವಾಗಲೇ ಗಡುವು ಹಾಕಿರಬೇಕು. ಕೇಂದ್ರ 10 ನಿಮಿಷಕ್ಕೆ ಹಿಂಪಡೆಯುತ್ತದೆ ಎಂದಿದ್ದರೆ ತಾಲ್ಲೂಕಿನ ಯಂತ್ರ 9 ನಿಮಿಷಕ್ಕೇ ತಾನಾಗಿ ವಿತರಣೆ ನಿಲ್ಲಿಸಬೇಕು. ಎರಡು ಕಡೆಯ ಗಡಿಯಾರ ಒಂದೇ ಸಮ ಓಡುತ್ತವೆ ಎಂದು ನಂಬುವಂತಿಲ್ಲ. ಸಂಪರ್ಕ ಇರುವಷ್ಟು ಹೊತ್ತು ಗಡುವು ತಾನಾಗಿ ಮುಂದಕ್ಕೆ ಹೋಗುತ್ತಿರುತ್ತದೆ. ಪ್ರತಿ ಟೋಕನ್‌ಗೂ ಅದರದ್ದೇ ಸಂಖ್ಯೆ ಇರಬೇಕು. ಲೈನು ಬಂದಮೇಲೆ 'ಇಷ್ಟು ಕೊಟ್ಟೆ' ಎಂಬ ವರದಿ ಎರಡೆರಡು ಸಲ ಬಂದರೂ ಲೆಕ್ಕ ಒಂದೇ ಸಲ ಆಗುವುದು ಆಗಲೇ.

ಇದಕ್ಕೂ ಹಿಂದಿನ ಹಂತದಲ್ಲಿ, ಕೋರಿಕೆ ಸರ್ವರ್ ಮುಟ್ಟುವ ಮೊದಲೇ ಹಂಚಿಬಿಡುವುದು ಇನ್ನೂ ಜಾಣತನ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಮನೆಯೊಡತಿಯರಿಗೆ ಯಾವ ದಿನ, ಯಾವ ಹೊತ್ತು, ಯಾವ ಕೇಂದ್ರ ಎಂಬುದನ್ನು ಎಸ್‌ಎಂಎಸ್‌ನಲ್ಲಿ ತಿಳಿಸುವ ಕ್ರಮ ಇತ್ತು. ತಾಂತ್ರಿಕವಾಗಿ ನೋಡಿದರೆ ಅದು ಒಳ್ಳೆಯ ವಿನ್ಯಾಸ. ರೈಲ್ವೆಯ ತತ್ಕಾಲ್ ಇದಕ್ಕೆ ತದ್ವಿರುದ್ಧ: ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದವಕ್ಕೆ 11ಕ್ಕೆ ದೇಶಕ್ಕೆಲ್ಲ ಒಂದೇ ಬಾಗಿಲು ತೆರೆಯುತ್ತದೆ. ತಾಳಗುಪ್ಪದಿಂದ ಹೊರಡುವವರೂ ಹೌರಾದಿಂದ ಹೊರಡುವವರೂ ಒಂದೇ ನಿಮಿಷಕ್ಕೆ ನುಗ್ಗುತ್ತಾರೆ. ಆ ನಿಮಿಷದ ಗುಡ್ಡದೆತ್ತರದ ಹೊರೆ ನಿಯಮವೇ ಹುಟ್ಟಿಸಿದ್ದು.

ಎಲ್ಲ ನೂಕುನುಗ್ಗಲನ್ನೂ ಹೀಗೆ ಚದುರಿಸಲಾಗದು ನಿಜ. ಅಡಿಕೆಯ ಇ-ಟೆಂಡರ್‌ನಲ್ಲಿ ರಾಶಿ, ಬೆಟ್ಟೆಯ ಲಾಟುಗಳನ್ನು ನೋಡಿ ಮುಗಿಸಿ ವ್ಯಾಪಾರಿಗಳು ಬೆಲೆ ನಮೂದಿಸುವುದು ಮುಕ್ತಾಯದ ಹೊತ್ತಿಗೇ ಸರಿ. ಅವರಿಗೆ 'ಐದು ನಿಮಿಷ ಬಿಟ್ಟು ಬನ್ನಿ' ಎಂದರೆ ಟೆಂಡರೇ ಮುಗಿದಿರುತ್ತದೆ. ಅಲ್ಲಿ ಮಾಡಬೇಕಾದ್ದು ಸ್ವೀಕಾರವನ್ನೂ ಸಂಸ್ಕರಣೆಯನ್ನೂ ಬೇರೆ ಮಾಡುವುದು: ಬಂದ ಬೆಲೆಯನ್ನು ಸಮಯದ ಮುದ್ರೆ ಒತ್ತಿ ಸಾಲಾಗಿ ಬರೆದಿಟ್ಟುಕೊಂಡು ರಸೀದಿ ಕೊಡುವುದು ಕೆಲವೇ ಮಿಲಿಸೆಕೆಂಡಿನ ಕೆಲಸ. ಹೋಲಿಕೆ, ಪರಿಶೀಲನೆ ಆಮೇಲೆ ನಡೆಯಲಿ.

ಪಾಲು ಹಂಚುವಲ್ಲಿ ಇನ್ನೊಂದು ಸಣ್ಣ ಎಡವಟ್ಟು ಪದೇಪದೇ ಆಗುತ್ತದೆ. ಒಂದು ಸೇವಾ ಕೇಂದ್ರಕ್ಕೆ ಸೆಕೆಂಡಿಗೆ 2 ಕೋರಿಕೆ ಎಂದು ಮಿತಿ ಹಾಕಿ, 10 ಗೇಟ್‌ವೇಗಳಿಗೆ ತಲಾ 0.2 ಎಂದು ಹಂಚುತ್ತಾರೆ. ಆದರೆ ಆ ಕೇಂದ್ರದ ಕಂಪ್ಯೂಟರ್ ಒಮ್ಮೆ ತೆರೆದ ಸಂಪರ್ಕವನ್ನು ಹಿಡಿದುಕೊಂಡೇ ಇರುತ್ತದೆ, ಎಲ್ಲ ಕೋರಿಕೆಯೂ ಒಂದೇ ಗೇಟ್‌ವೇಗೆ ಹೋಗುತ್ತದೆ. ಕಾಗದದಲ್ಲಿ 2, ಕೈಗೆ ಸಿಕ್ಕಿದ್ದು 0.2. ಸೇವಾ ಕೇಂದ್ರದ ಗುರುತಿನಿಂದಲೇ ಗೇಟ್‌ವೇ ನಿರ್ಧಾರವಾಗುವಂತೆ ಮಾಡಿ ಪೂರ್ಣ 2ನ್ನೂ ಅಲ್ಲೇ ಇಡುವುದು ಸರಿ; ಗೇಟ್‌ವೇ ಕೂಡಿದಾಗ, ಕಳೆದಾಗ ಎಲ್ಲರ ಜಾಗ ಬದಲಾಗದಂತೆ ನೋಡಿಕೊಳ್ಳಲು 1997ರಿಂದಲೂ ಕನ್ಸಿಸ್ಟೆಂಟ್ ಹ್ಯಾಶಿಂಗ್ ಎಂಬ ವಿಧಾನ ಇದೆ.

ಟೆಂಡರ್ ದಾಖಲೆಯಲ್ಲಿ ಕೇಳಬೇಕಾದ್ದು

ಇಂಥ ವ್ಯವಸ್ಥೆಗಳನ್ನು ಕೊಳ್ಳುವ ದಾಖಲೆಗಳು ಎಷ್ಟು ಸಿಪಿಯು, ಎಷ್ಟು ಮೆಮೊರಿ, ಎಷ್ಟು ಏಕಕಾಲಿಕ ಬಳಕೆದಾರರು ಎಂದು ಕೇಳಿ ನಿಲ್ಲುವುದೇ ಹೆಚ್ಚು. ಹೊರೆ ಆ ಸಂಖ್ಯೆ ಮೀರಿದಾಗ ಏನಾಗಬೇಕು ಎಂಬುದೇ ಇರುವುದಿಲ್ಲ. ಸರಾಸರಿ ಉತ್ತರ ಸಮಯ ಕೇಳಿದರೂ ಸಾಲದು. ಒಂದು ಅರ್ಜಿಗೆ ಪಹಣಿ, ಪಡಿತರ, ಆಧಾರ್ ಎಂದು ಎಂಟು ಕಡೆ ಕೇಳಬೇಕಿದ್ದು, ಪ್ರತಿ ಕಡೆಯೂ ನೂರಕ್ಕೆ ಒಂದು ಸಲ ಮಾತ್ರ ನಿಧಾನವಾದರೆ, ನೂರು ಅರ್ಜಿಗಳಲ್ಲಿ ಎಂಟರ ಹತ್ತಿರ ನಿಧಾನವಾಗುತ್ತವೆ. ನೂರು ಕಡೆ ಕೇಳಬೇಕಿದ್ದರೆ 63.

ಕೇಳಬೇಕಾದ ಪರೀಕ್ಷೆ ಹೀಗಿರಲಿ. ತಾಳುವಷ್ಟು ಹೊರೆ ಹಾಕಿ ಹತ್ತು ನಿಮಿಷ ಓಡಿಸಿ, ಗಡುವಿನೊಳಗೆ ತಲುಪಿದ ಉತ್ತರಗಳನ್ನು ಮಾತ್ರ ಎಣಿಸಿ. ಹೊರೆಯನ್ನು ಮೂರು ಪಟ್ಟು ಮಾಡಿ; ಆ ಎಣಿಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯಬಾರದು, ಉಳಿದವರಿಗೆ ಕೂಡಲೇ 'ಆಮೇಲೆ ಬನ್ನಿ' ಸಿಗಬೇಕು. ಅದೇ ಹೊರೆಯಲ್ಲಿ ಒಂದು ಯಂತ್ರದ ಡೇಟಾಬೇಸ್ ಸಂಪರ್ಕ ಕಿತ್ತು ಅದು ಕೋರಿಕೆಗಳನ್ನು ನುಂಗುತ್ತದೆಯೇ ನೋಡಿ. ಹೊರೆ ಹಂಚುವ ಕೇಂದ್ರವನ್ನೇ ಐದು ನಿಮಿಷ ನಿಲ್ಲಿಸಿ. ಕೈಯಲ್ಲಿರುವ ಕೊನೆಯ ಪಟ್ಟಿಯ ಮೇಲೇ ಉಳಿದವು ನಡೆಯಬೇಕು. ಕಡೆಗೆ ಹೊರೆಯನ್ನು ಮೊದಲಿನ ಮಟ್ಟಕ್ಕೆ ಇಳಿಸಿ ಗಡಿಯಾರ ನೋಡಿ. ಯಾರೂ ರೀಸ್ಟಾರ್ಟ್ ಮಾಡದೆ ಎರಡು ನಿಮಿಷದೊಳಗೆ ವ್ಯವಸ್ಥೆ ಮೊದಲಿನ ಸ್ಥಿತಿಗೆ ಬಾರದಿದ್ದರೆ ಬಿಲ್ ಪಾಸು ಮಾಡಬೇಡಿ.